ಮರುನುಡಿಯ ಗುಣದೋಷ ವಿಚಾರ

ಕಾವ್ಯಕ್ಕೆ ವಿಮರ್ಶೆಯುಂಟು, ನಾಟಕಕ್ಕುಂಟು, ಕಾದಂಬರಿ, ಸಣ್ಣಕಥೆಗಳಿಗೂ ಉಂಟು. ಆದರೆ ಇಂದು ಕನ್ನಡ ಬಲ್ಲ ಸಾಮಾನ್ಯ ಮನುಷ್ಯನು ದಿನಾಲು ಬರೆಯುವ ಬರವಣಿಗೆ ಇವುಗಳಲ್ಲಿ ಒಂದೂ ಅಲ್ಲ. ರಾಜಕಾರಣದ ಸುದ್ದಿಯೊಂದು ಕಣ್ಣಿಗೆ ಬಿದ್ದೊಡನೆ ಅವನು ಕೈಯೊಳಗಿನ ಮೊಬೈಲಿನಲ್ಲಿ ಬರೆದು ಹಾಕುವ ಒಂದೆರಡು ಸಾಲಿನ ಮರುನುಡಿಯೇ ಆ ಬರವಣಿಗೆ. ಹುಬ್ಬಳ್ಳಿಯ ದುರ್ಗದಬೈಲಿನ ವ್ಯಾಪಾರಿ, ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾಪರೀಕ್ಷೆಗೆ ಓದುವ ತರುಣ, ನವಲಗುಂದದ ಒಕ್ಕಲಿಗ, ಮನೆಗೆಲಸ ತೀರಿಸಿ ಕುಳಿತ ಗೃಹಿಣಿ, ಇವರೆಲ್ಲರೂ ಇಂದು ಈ ಅರ್ಥದಲ್ಲಿ ಲೇಖಕರೇ ಆಗಿದ್ದಾರೆ. ಪಂಡಿತರು ಮಾತ್ರ ಇದನ್ನು ವಾಙ್ಮಯವೆಂದು ಎಣಿಸುವದಿಲ್ಲ. ಬೀದಿಯ ಗದ್ದಲವೆಂದು ಬದಿಗಿರಿಸುವರು. ಹೀಗೆ ಬದಿಗಿರಿಸುವದು ಯೋಗ್ಯವೇ ಎಂಬದನ್ನು ವಿಚಾರಿಸತಕ್ಕದ್ದಿದೆ. ಏಕೆಂದರೆ ಈ ಮರುನುಡಿಯಿಂದ ಊರಿಗೆ ಹಿತವಾದದ್ದೂ ಉಂಟು, ಊರಿನಲ್ಲಿ ರಕ್ತ ಬಿದ್ದದ್ದೂ ಉಂಟು. ಇಷ್ಟು ಬಲವುಳ್ಳ ಬರವಣಿಗೆಯನ್ನು ಪರೀಕ್ಷಿಸದೆ ಬಿಡುವದು ವಿಮರ್ಶಕನಿಗೆ ಒಪ್ಪುವ ಮಾತಲ್ಲ.

ಮೊದಲು ಪೂರ್ವಪಕ್ಷವನ್ನು ನೋಡೋಣ. ಮರುನುಡಿಯ ಮೇಲೆ ಸಾಮಾನ್ಯವಾಗಿ ಮೂರು ಆಕ್ಷೇಪಗಳು ಬರುತ್ತವೆ. ಒಂದು, ಅದು ಅಶುದ್ಧ: ಕಾಗುಣಿತ ತಪ್ಪು, ವಿಭಕ್ತಿ ತಪ್ಪು, ಎಷ್ಟೋ ಸಲ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ಎರಡು, ಅದು ಗ್ರಾಮ್ಯ: ಮಂತ್ರಿಯೆನ್ನದೆ ಮಹನೀಯನೆನ್ನದೆ ಬಾಯಿಗೆ ಬಂದಂತೆ ಅನ್ನುತ್ತಾರೆ. ಮೂರು, ಅದು ಅವಸರದ್ದು: ಸುದ್ದಿಯ ಶಿರೋನಾಮೆಯನ್ನಷ್ಟೇ ಓದಿ ಒಳಗಿನ ವಿಷಯವನ್ನು ಓದದೆ ತೀರ್ಪು ಕೊಟ್ಟುಬಿಡುತ್ತಾರೆ. ಈ ಮೂರರಲ್ಲಿ ಮೊದಲಿನ ಎರಡು ಅಷ್ಟೊಂದು ದೊಡ್ಡ ದೋಷಗಳಲ್ಲ. ಮೂರನೆಯದು ನಿಜವಾದ ದೋಷದ ಬಾಗಿಲ ತನಕ ಹೋಗಿ ಒಳಗೆ ಹೊಕ್ಕಿಲ್ಲ. ಇದನ್ನು ಕ್ರಮವಾಗಿ ವಿವರಿಸಬೇಕಾಗಿದೆ.

ಕನ್ನಡದ ಅತಿ ಹಳೆಯ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಈ ನಾಡಿನ ಜನರ ವಿಷಯವಾಗಿ ಒಂದು ದೊಡ್ಡ ಮಾತನ್ನು ಹೇಳಿಟ್ಟಿದೆ. ಇಲ್ಲಿಯ ಜನರು ಶಾಸ್ತ್ರವನ್ನು ಕುಳಿತು ಓದದೆಯೂ ಮಾತಿನ ಪ್ರಯೋಗದಲ್ಲಿ ಬಲ್ಲವರು, ತಮ್ಮ ತಮ್ಮ ನುಡಿಯಲ್ಲಿ ಎಲ್ಲರೂ ಜಾಣರು ಎಂಬದು ಅದರ ಭಾವ. ಕನ್ನಡದ ತಿರುಳು ಇರುವ ನಾಡೆಂದು ಅದು ಎಣಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ, ಹುಬ್ಬಳ್ಳಿಗೆ ದೂರವಲ್ಲ. ಆದುದರಿಂದ ಈ ಪ್ರಾಂತದ ಒಕ್ಕಲಿಗನು ತನ್ನ ಆಡುಮಾತಿನಲ್ಲಿ ಸರಕಾರಕ್ಕೆ ಮರುನುಡಿ ಕೊಟ್ಟರೆ ಅದನ್ನು ಅಶುದ್ಧವೆಂದು ತಳ್ಳುವವನು ಮಾರ್ಗಕಾರನ ಮಾತನ್ನೇ ತಳ್ಳಿದಂತಾಗುವದು. ಕಾಗುಣಿತವು ತಿದ್ದಿದರೆ ತಿದ್ದುವದು. ಹೇಳಬೇಕಾದದ್ದು ಇಲ್ಲದವನಿಗೆ ಕಾಗುಣಿತದಿಂದಾಗುವ ಪ್ರಯೋಜನವೇನು?

ಮರುನುಡಿಯು ಈ ಭಾಗಕ್ಕೆ ಮೊಬೈಲಿನೊಡನೆ ಬಂದದ್ದೂ ಅಲ್ಲ. ಗೀಗೀ ಮೇಳಗಳ ಹರದೇಶಿ–ನಾಗೇಶಿ ವಾದವು ಅದರ ಹಳೆಯ ರೂಪ. ಒಂದು ಮೇಳವು ಹಾಡಿನಲ್ಲಿ ಸವಾಲು ಹಾಕುವದು; ಇನ್ನೊಂದು ಮೇಳವು ಹಾಡಿನಲ್ಲಿಯೇ ಜವಾಬು ಕೊಡುವದು; ಇರುಳೆಲ್ಲ ವಾದ ನಡೆಯುವದು; ಊರವರೇ ನಿರ್ಣಾಯಕರು. ಅಲ್ಲಿ ಕೊಂಕು ಉಂಟು, ಹಾಸ್ಯವುಂಟು, ಎದುರಾಳಿಯನ್ನು ಕೆಣಕುವದೂ ಉಂಟು. ಆದರೆ ಎದುರಿನ ಮೇಳದ ಪದವನ್ನು ಪೂರ್ತಿ ಕೇಳದೆ ಜವಾಬು ಕೊಡುವದು ಅಲ್ಲಿ ಸಾಧ್ಯವೇ ಇಲ್ಲ. ಕೇಳದವನು ಏನೆಂದು ಹಾಡಿಯಾನು? ಮುಂದೆ ಮುದ್ರಣವು ಬಂದಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು, 1896ರಲ್ಲಿ ಅದರ ‘ವಾಗ್ಭೂಷಣ’ವು ಹೊರಟಿತು, 1921ರಲ್ಲಿ ‘ಕರ್ಮವೀರ’, 1922ರಲ್ಲಿ ಆಲೂರ ವೆಂಕಟರಾಯರ ‘ಜಯ ಕರ್ನಾಟಕ’, 1954ರಲ್ಲಿ ಹುಬ್ಬಳ್ಳಿಯಿಂದ ಪಾಟೀಲ ಪುಟ್ಟಪ್ಪನವರ ‘ಪ್ರಪಂಚ’. ಪತ್ರಿಕೆಗಳು ಬೆಳೆದಂತೆ ಸಂಪಾದಕರಿಗೆ ಪತ್ರ ಬರೆಯುವ ವಾಚಕವರ್ಗವೂ ಬೆಳೆಯಿತು. ಪತ್ರ ಬರೆದವನು ಅದರ ಕೆಳಗೆ ತನ್ನ ಹೆಸರನ್ನೂ ಊರನ್ನೂ ಕಾಣಿಸುತ್ತಿದ್ದನು. ಬರೆದ ಪತ್ರವು ಅಂಚೆಯಲ್ಲಿ ಹೋಗಿ ಅಚ್ಚಾಗಿ ಬರುವ ಹೊತ್ತಿಗೆ ಕೆಲವು ದಿವಸಗಳು ಕಳೆಯುತ್ತಿದ್ದವು. ಆ ವಿಳಂಬವು ಕೋಪಕ್ಕೆ ಔಷಧವಾಗಿತ್ತು. ಆ ಹೆಸರು ಮಾತಿಗೆ ಜಾಮೀನಾಗಿತ್ತು.

ಇಂದಿನ ಮರುನುಡಿಯಲ್ಲಿ ವಿಳಂಬವು ಹೋಗಿದೆ. ಹೆಸರು ಕೆಲವರಲ್ಲಿ ಉಳಿದಿದೆ, ಕೆಲವರಲ್ಲಿ ಹೋಗಿದೆ. ಆದರೂ ಗುಣಗಳು ಇಲ್ಲವೆಂದಲ್ಲ. ಮುಖ್ಯವಾದ ಗುಣವು ಕಾಕು. ಒಂದೇ ಶಬ್ದವನ್ನು ಧ್ವನಿಯ ಏರಿಳಿತದಿಂದ ಬೇರೆ ಬೇರೆ ಅರ್ಥಕ್ಕೆ ತಿರುಗಿಸುವದಕ್ಕೆ ಆಲಂಕಾರಿಕರು ಕೊಟ್ಟ ಹೆಸರು ಇದು. ಧಾರವಾಡದ ಕಡೆಯವರು ‘ಆತ್ರಿ’ ಎಂದರೆ ಒಪ್ಪಿಗೆಯೂ ಆಗಬಹುದು, ಬೇಸರವೂ ಆಗಬಹುದು, ‘ನಿಮ್ಮ ಆಟ ತಿಳಿಯಿತು’ ಎಂಬ ಸೂಚನೆಯೂ ಆಗಬಹುದು. ಬರಹದಲ್ಲಿ ಧ್ವನಿಯಿಲ್ಲವಾದ್ದರಿಂದ ಕಾಕುವು ಸಾಯಬೇಕಾಗಿತ್ತು. ಆದರೆ ಜನರು ಅಕ್ಷರವನ್ನು ಎಳೆದು ಬರೆದು, ಚುಕ್ಕಿಗಳನ್ನಿಟ್ಟು, ಸಣ್ಣ ಮೋರೆಯ ಚಿತ್ರಗಳನ್ನು ಹಚ್ಚಿ ಅದನ್ನು ಬದುಕಿಸಿಕೊಂಡಿದ್ದಾರೆ. ಶಾಸ್ತ್ರ ಓದದವರ ಈ ಉಪಾಯವು ಮೆಚ್ಚತಕ್ಕದ್ದೇ ಸರಿ. ಇನ್ನು ಈ ಭಾಗದ ‘ರೀ’ಕಾರದ ಮಹಿಮೆಯನ್ನು ಹೇಳಬೇಕು. ಮಂತ್ರಿಯನ್ನು ಟೀಕಿಸುವ ವಾಕ್ಯದ ಕೊನೆಗೂ ಈ ‘ರೀ’ ಇರುವದು. ಮರ್ಯಾದೆಯು ಹೋಗುವದಿಲ್ಲ, ಟೀಕೆಯು ಮೊಂಡಾಗುವದಿಲ್ಲ. ಬಹುವಚನದ ಒರೆಯಲ್ಲಿಟ್ಟ ಕತ್ತಿ ಅದು. ವ್ಯಾಜಸ್ತುತಿಗೂ ಇಲ್ಲಿ ಕೊರತೆಯಿಲ್ಲ. 2023ರ ಮಾರ್ಚ 12ರಂದು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1507 ಮೀಟರು ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದವೆನಿಸಿದ ಫಲಾಟು ಉದ್ಘಾಟನೆಯಾಯಿತು. ಅಂಥ ಫಲಾಟನ್ನು ಬರೇ ಹೊಗಳಿದರೂ ಸಾಕು, ಗಂಟು ಹೊತ್ತು ಡಬ್ಬಿ ಹುಡುಕುವ ಪ್ರವಾಸಿಯ ಕಾಲುನೋವು ತಾನಾಗಿ ಧ್ವನಿಸುವದು. ಅಭಿಮಾನವೂ ಸುಳ್ಳಲ್ಲ, ಕೊಂಕೂ ಸುಳ್ಳಲ್ಲ. ಎರಡೂ ಒಂದೇ ವಾಕ್ಯದಲ್ಲಿ ಕೂಡಿ ಬಾಳುವವು.

ಮರುನುಡಿಯ ಶಕ್ತಿಗೂ ಅದರ ದೌರ್ಬಲ್ಯಕ್ಕೂ ಒಟ್ಟಿಗೆ ಉದಾಹರಣೆಯಾಗಬಲ್ಲ ಸಂಗತಿಯೊಂದು 2019ರಲ್ಲಿ ನಡೆಯಿತು. ಆ ವರ್ಷ ಡಿಸೆಂಬರ 5ರ ಉಪಚುನಾವಣೆಗಾಗಿ ಬೆಳಗಾವಿ ಜಿಲ್ಲೆಯ ಕಾಗವಾಡ ಕ್ಷೇತ್ರದ ಪ್ರಚಾರಸಭೆಯಲ್ಲಿ ಸಿದ್ದರಾಮಯ್ಯನವರು ಭಾಷಣ ಮಾಡುತ್ತಿದ್ದಾಗ, ಕೇಳುಗರ ನಡುವಿನಿಂದ ಒಬ್ಬ ಸಾಮಾನ್ಯನು ‘ಹೌದು ಹುಲಿಯಾ’ ಎಂದನು. ಎರಡೇ ಶಬ್ದ. ಕಥೆ ಹೇಳುವವನಿಗೆ ಹೂಂಗುಡುವ, ಮೇಳದವನಿಗೆ ದನಿಗೂಡಿಸುವ ಹಳ್ಳಿಯ ಸಂಪ್ರದಾಯವೆಲ್ಲ ಅದರಲ್ಲಿ ಅಡಗಿತ್ತು. ಅದು ಹೊಗಳಿಕೆಯೋ, ವಿನೋದವೋ, ಎರಡೂ ಕೂಡಿದ್ದೋ ಎಂದು ಬಿಡಿಸಲು ಬಾರದ್ದರಿಂದಲೇ ಅದಕ್ಕೆ ಸೊಗಸು ಬಂದಿತು. ಆ ಕ್ಷಣದಲ್ಲಿ ಆ ಮನುಷ್ಯನ ಬಾಯಿಂದ ಬಂದದ್ದು ನಿಜವಾದ ಉಕ್ತಿ. ಮುಂದೆ ಆ ಎರಡು ಶಬ್ದಗಳು ಮೊಬೈಲಿನ ಮೂಲಕ ಕರ್ನಾಟಕದ ತುಂಬ ಹರಡಿದವು. ಯಾವ ಮುಖಂಡನ ಯಾವ ಮಾತಿಗಾದರೂ, ಯಾವ ಸಂದರ್ಭಕ್ಕಾದರೂ ಅವನ್ನೇ ಹಚ್ಚತೊಡಗಿದರು. ಮೊದಲು ಆಡಿದವನಲ್ಲಿ ಅದು ಪ್ರತಿಭೆ. ಸಾವಿರದೊಂದನೆಯವನಲ್ಲಿ ಅದು ಠಸ್ಸೆ. ಮರುನುಡಿಯು ಹುಟ್ಟುವದು ಹೇಗೆ, ಸಾಯುವದು ಹೇಗೆ ಎಂಬದನ್ನು ಈ ಒಂದು ಉದಾಹರಣೆಯಿಂದಲೇ ಅರಿಯಬಹುದು. ಸ್ವಂತದ ಮಾತು ಎರವಲಿನ ಮಾತಾದಾಗ ಅದರ ಪ್ರಾಣ ಹೋಗುತ್ತದೆ.

ಇದು ಕನ್ನಡಿಗರಿಗಷ್ಟೇ ಸಂಬಂಧಿಸಿದ ವಿಷಯವೆಂದು ತಿಳಿಯಬಾರದು. ಆಫ್ರಿಕಾ ಖಂಡದಲ್ಲಿ ಅತ್ಯಂತ ಹೆಚ್ಚು ಜನಸಂಖ್ಯೆಯುಳ್ಳ ನೈಜೀರಿಯಾ ದೇಶದಲ್ಲಿಯೂ ಸಾಮಾನ್ಯ ಜನರು ರಾಜಕಾರಣದ ಸುದ್ದಿಗೆ ಹೀಗೆಯೇ ಮರುನುಡಿ ಕೊಡುತ್ತಾರೆ. ಅವರೂ ಪಂಡಿತರ ಇಂಗ್ಲಿಷನ್ನು ಬಿಟ್ಟು ಪಿಜಿನ್ ಎಂಬ ಸಂತೆಯ ಬೆರಕೆ ನುಡಿಯನ್ನು ಅನೇಕ ಸಲ ಬಳಸುತ್ತಾರೆ. 2020ರ ಅಕ್ಟೋಬರದಲ್ಲಿ ಪೋಲೀಸರ ಒಂದು ವಿಶೇಷ ದಳದ ದೌರ್ಜನ್ಯವನ್ನು ವಿರೋಧಿಸಿ ಅಲ್ಲಿಯ ತರುಣರು ಎಬ್ಬಿಸಿದ ಕೂಗು ಇಂಥ ಮರುನುಡಿಯಿಂದಲೇ ಬೆಳೆಯಿತು. ಮರುವರ್ಷ ಅಧ್ಯಕ್ಷರ ಒಂದು ಹೇಳಿಕೆಯನ್ನು ಟ್ವಿಟರ್ ಸಂಸ್ಥೆಯು ತೆಗೆದುಹಾಕಲು, ಅಲ್ಲಿಯ ಸರಕಾರವು 2021ರ ಜೂನ 5ರಿಂದ ಆ ಮಾಧ್ಯಮವನ್ನೇ ದೇಶದಲ್ಲಿ ನಿಲ್ಲಿಸಿಬಿಟ್ಟಿತು. ತಿರುಗಿ ತೆರೆದದ್ದು 2022ರ ಜನವರಿ 13ರಂದು. ಹಾಗೆ ನಿಲ್ಲಿಸಿದ್ದು ನ್ಯಾಯಬಾಹಿರವೆಂದು ಪಶ್ಚಿಮ ಆಫ್ರಿಕದ ರಾಷ್ಟ್ರಗಳ ನ್ಯಾಯಾಲಯವು 2022ರ ಜುಲೈದಲ್ಲಿ ತೀರ್ಪಿತ್ತಿತು. ಬೀದಿಯ ನುಡಿಗೆ ಇಷ್ಟು ಬಲವಿಲ್ಲದಿದ್ದರೆ ಸರಕಾರವೊಂದು ಅದಕ್ಕೆ ಬೀಗ ಹಾಕಲು ಏಕೆ ಹೊರಡಬೇಕಾಗಿತ್ತು?

ಬಲವುಂಟೆಂದು ಒಪ್ಪಿದ ಮೇಲೆ ಆ ಬಲವು ಯಾವ ಬಗೆಯದೆಂದು ವಿಂಗಡಿಸಬೇಕು. ಗೌತಮನ ನ್ಯಾಯಶಾಸ್ತ್ರವು ಇಬ್ಬರ ನಡುವಿನ ಚರ್ಚೆಯನ್ನು ಮೂರು ತರವಾಗಿ ವಿಭಾಗಿಸಿದೆ. ತತ್ತ್ವವನ್ನು ಅರಿಯಲು ನಡೆಯುವದು ವಾದ. ಗೆಲ್ಲಲು ನಡೆಯುವದು ಜಲ್ಪ. ತನ್ನದೊಂದು ಪಕ್ಷವನ್ನೂ ನಿಲ್ಲಿಸದೆ ಎದುರಿನವನನ್ನು ಕೆಡವಲು ಮಾತ್ರ ನಡೆಯುವದು ವಿತಂಡ. ಈ ಪ್ರಾಂತದ ಮರುನುಡಿಗೆ ಈ ಅಳತೆಯನ್ನು ಹಚ್ಚಿ ನೋಡಬಹುದು.

ಮಹಾದಾಯಿಯ ನೀರಿನ ಪ್ರಶ್ನೆಯನ್ನು ತೆಗೆದುಕೊಳ್ಳಿರಿ. ಹುಬ್ಬಳ್ಳಿ–ಧಾರವಾಡಗಳು ಕುಡಿಯುವ ನೀರಿಗೆ ಮಲಪ್ರಭೆಯನ್ನು ನಂಬಿವೆ. ಮಲಪ್ರಭೆಗೆ ನೀರು ಸಾಲದೆಂದೇ ಕಳಸಾ–ಬಂಡೂರಿ ಹಳ್ಳಗಳ ಮಾತು ಬಂದದ್ದು. 2015ರ ಜುಲೈದಿಂದ ನರಗುಂದದಲ್ಲಿ ರೈತರು ಧರಣಿ ಕುಳಿತರು. 7.56 ಟಿ.ಎಂ.ಸಿ. ನೀರಿಗಾಗಿ ಕರ್ನಾಟಕವು ಮಾಡಿದ ಮಧ್ಯಂತರ ಬೇಡಿಕೆಯನ್ನು ನ್ಯಾಯಾಧಿಕರಣವು 2016ರ ಜುಲೈ 27ರಂದು ತಳ್ಳಿಹಾಕಲು ನವಲಗುಂದದಲ್ಲಿ ಸರಕಾರೀ ಕಚೇರಿಗಳ ಮೇಲೆ ಸಿಟ್ಟು ತಿರುಗಿತು, ಯಮನೂರಿನಲ್ಲಿ ಪೋಲೀಸರ ಲಾಠಿಯೇಟು ಬಿದ್ದಿತು. ಇವೆರಡೂ ಶೋಚನೀಯವೇ. ಆದರೆ ಇವುಗಳ ಹೊರತಾಗಿ ಇನ್ನೊಂದು ಕಾರ್ಯವೂ ನಡೆಯಿತು. ಟಿ.ಎಂ.ಸಿ. ಎಂಬ ಇಂಜಿನಿಯರರ ಶಬ್ದವು ಒಕ್ಕಲಿಗರ ನಾಲಗೆಗೆ ಬಂದಿತು. 2018ರ ಅಗಸ್ಟ 14ರ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಸಿಕ್ಕಿತೆಂದು ಪತ್ರಿಕೆಗಳು ದೊಡ್ಡಕ್ಷರದಲ್ಲಿ ಅಚ್ಚು ಮಾಡಿದಾಗ, ಅದರಲ್ಲಿ ಮಲಪ್ರಭೆಗೆ ತಿರುಗುವದು 3.9 ಮಾತ್ರವೆಂಬ ಲೆಕ್ಕವನ್ನೂ ಕೂಡಿಸಿ ಕಳೆದು ನೋಡಬಲ್ಲ ಜನರು ಹಳ್ಳಿಗಳಲ್ಲಿಯೇ ಇದ್ದರು. ತನ್ನ ಹೊಲಕ್ಕೂ ತನ್ನ ಕೊಡಕ್ಕೂ ತಗಲಿದ ಸುದ್ದಿಯಾದ್ದರಿಂದ ಮರುನುಡಿಯು ಲೆಕ್ಕ ಕೇಳಿತು. ಇದು ವಾದ.

ಎರಡನೆಯದಕ್ಕೆ ಉದಾಹರಣೆ ಈ ಅವಳಿನಗರಗಳದ್ದೇ. 1962ರಲ್ಲಿ ಕೂಡಿಸಲ್ಪಟ್ಟ ಮಹಾನಗರಪಾಲಿಕೆಯನ್ನು ಬೇರ್ಪಡಿಸಿ ಧಾರವಾಡಕ್ಕೆ ಸ್ವತಂತ್ರ ಪಾಲಿಕೆಯನ್ನು ಕೊಡಲು 2025ರ ಜನವರಿಯಲ್ಲಿ ಮಂತ್ರಿಮಂಡಲವು ಸಮ್ಮತಿಸಿತು. ಧಾರವಾಡದವರು ದುಡ್ಡೆಲ್ಲ ಹುಬ್ಬಳ್ಳಿಗೇ ಹೋಗುತ್ತದೆನ್ನುವದು, ಹುಬ್ಬಳ್ಳಿಯವರು ಗಳಿಸುವವರು ತಾವು ಎನ್ನುವದು ಅಣ್ಣತಮ್ಮಂದಿರ ಹಳೆಯ ವ್ಯಾಜ್ಯ. ಇದರಲ್ಲಿ ಗೆಲ್ಲುವ ಆಸೆಯುಂಟು, ಆದುದರಿಂದ ಜಲ್ಪ. ಆದರೂ ಎರಡು ಪಕ್ಷಗಳಿಗೂ ತಮ್ಮದೆನ್ನುವ ನಿಲುವು ಉಂಟು, ಬೀದಿ–ಗಟಾರ–ನಳಗಳ ಆಧಾರವುಂಟು. ಹರದೇಶಿ–ನಾಗೇಶಿಯವರ ಸವಾಲು–ಜವಾಬುಗಳ ಜಾತಿಯದು ಇದು. ಇದರಿಂದ ಊರಿಗೆ ಕೇಡಿಲ್ಲ.

ಮೂರನೆಯದು ವಿತಂಡ. ಅಂಥ ಮರುನುಡಿಯನ್ನು ಬರೆಯುವವನಿಗೆ ನೀರು ಬೇಕಾಗಿಲ್ಲ, ಬೀದಿ ಬೇಕಾಗಿಲ್ಲ. ಎದುರಿನ ಪಕ್ಷದವನು, ಎದುರಿನ ಜಾತಿಯವನು, ಎದುರಿನ ಧರ್ಮದವನು ಬಿದ್ದರೆ ಸಾಕು. ಸಾವಿನ ಸುದ್ದಿಯ ಕೆಳಗೆ ನಗುವ ಮೋರೆಯನ್ನು ಹಚ್ಚುವವನು ಇವನೇ. ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಓದಿದವರಿಗೆ ಇದರ ಹೆಸರನ್ನು ಹೇಳಿಕೊಡಬೇಕಾಗಿಲ್ಲ. ಓದದವರೂ ಹೆಣದ ಮುಂದೆ ನಗಬಾರದೆಂಬದನ್ನು ಬಲ್ಲರು. ಇವನ ವಿಶೇಷ ಲಕ್ಷಣವೆಂದರೆ ಇವನು ಸ್ವತಃ ಬರೆಯುವದು ಬಹು ಕಡಿಮೆ. ಯಾರೋ ಬರೆದುಕೊಟ್ಟದ್ದನ್ನು ಮುಂದಕ್ಕೆ ದಾಟಿಸುವದೇ ಹೆಚ್ಚು.

ಇಲ್ಲಿಯೇ ನಿಜವಾದ ದೋಷವು ಸಿಕ್ಕುತ್ತದೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ತರುವಾಯ ಶಬ್ದವನ್ನು ನಾಲ್ಕನೆಯ ಪ್ರಮಾಣವೆಂದು ಎಣಿಸಿದರು. ಆದರೆ ಎಲ್ಲರ ಶಬ್ದವೂ ಪ್ರಮಾಣವಲ್ಲ, ಆಪ್ತನ ಶಬ್ದ ಮಾತ್ರ. ವಸ್ತುವನ್ನು ಸಾಕ್ಷಾತ್ ತಿಳಿದು, ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನೇ ಆಪ್ತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿಶದಪಡಿಸಿದ್ದಾನೆ. ಅಂದಮೇಲೆ ತನ್ನ ಓಣಿಯ ನಳಕ್ಕೆ ಎಂಟು ದಿನಗಳಿಂದ ನೀರು ಬಂದಿಲ್ಲವೆಂದು ಒರಟಾಗಿ ಬರೆಯುವ ಕೂಲಿಯವನೂ ಆ ವಿಷಯದಲ್ಲಿ ಆಪ್ತನೇ. ನಯವಾದ ಕನ್ನಡದಲ್ಲಿ, ಅಂದವಾದ ಚಿತ್ರದೊಡನೆ, ಎಲ್ಲಿಂದಲೋ ಬಂದದ್ದನ್ನು ಎಲ್ಲಿಗೋ ದಾಟಿಸುವ ಪದವೀಧರನು ಆಪ್ತನಲ್ಲ. ಒರಟುತನವು ದೋಷವಲ್ಲ, ಅವಸರವೂ ಮೂಲದೋಷವಲ್ಲ. ಕಾಣದ್ದನ್ನು ಕಂಡಂತೆ, ತನ್ನದಲ್ಲದ್ದನ್ನು ತನ್ನದೆಂಬಂತೆ ದಾಟಿಸುವದೇ ಮೂಲದೋಷ.

ಇದರ ಫಲವನ್ನು ಕರ್ನಾಟಕವು ಕಂಡಿದೆ. 2018ರ ಜುಲೈದಲ್ಲಿ ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ವಾಟ್ಸಾಪ್ ಮೂಲಕ ಹರಡಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಇಂಜಿನಿಯರನನ್ನು ಜನರು ಹೊಡೆದು ಕೊಂದರು. ದೇಶದಲ್ಲಿ ಇಂಥ ಕೊಲೆಗಳು ನಡೆದ ಆ ತಿಂಗಳೇ ವಾಟ್ಸಾಪ್ ಸಂಸ್ಥೆಯು ಬೇರೆಡೆಯಿಂದ ದಾಟಿಬಂದ ಸಂದೇಶದ ಮೇಲೆ ಹಾಗೆಂದು ಗುರುತು ಹಾಕತೊಡಗಿತು. ಒಂದು ಸಲಕ್ಕೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಕಟ್ಟನ್ನು ಭಾರತದಲ್ಲಿ ತರುವದಾಗಿ ಸಾರಿತು. ಆ ಗುರುತಿನ ಅರ್ಥವನ್ನು ನ್ಯಾಯದ ಭಾಷೆಯಲ್ಲಿ ಹೇಳುವದಾದರೆ, ‘ಇದನ್ನು ಕಳಿಸಿದವನು ಇದಕ್ಕೆ ಆಪ್ತನಲ್ಲ’ ಎಂದಷ್ಟೇ.

ಹುಬ್ಬಳ್ಳಿಯಲ್ಲಿ ನಡೆದದ್ದು ಇನ್ನೂ ಸಮೀಪದ್ದು. 2022ರ ಏಪ್ರಿಲ 16ರಂದು ಮಸೀದಿಯ ಮೇಲೆ ಭಗವಾ ಧ್ವಜವಿದ್ದಂತೆ ಕೃತಕವಾಗಿ ಜೋಡಿಸಿದ ಚಿತ್ರವೊಂದನ್ನು ಒಬ್ಬ ತರುಣನು ತನ್ನ ಮೊಬೈಲಿನ ಪ್ರದರ್ಶನಕ್ಕೆ ಹಾಕಿದನು. ಪೋಲೀಸರು ಅವನನ್ನು ಹಿಡಿದರು. ಆದರೂ ಆ ರಾತ್ರಿ ಹಳೇ ಹುಬ್ಬಳ್ಳಿ ಪೋಲೀಸ ಠಾಣೆಯ ಮುಂದೆ ಗುಂಪು ಕೂಡಿ ಕಲ್ಲುತೂರಾಟವಾಯಿತು. 12 ಜನ ಪೋಲೀಸರು ಗಾಯಗೊಂಡರು. ನೂರಕ್ಕೂ ಮಿಕ್ಕಿ ಜನರ ಬಂಧನವಾಯಿತು. 2024ರ ಅಕ್ಟೋಬರದಲ್ಲಿ ಸರಕಾರವು ಆ ಮೊಕದ್ದಮೆಯನ್ನು ಹಿಂತೆಗೆಯಲು ಹೊರಟಿತು. 2025ರ ಮೇ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ನ್ಯಾಯಾನ್ಯಾಯಗಳ ನಿರ್ಣಯವು ನ್ಯಾಯಾಲಯಕ್ಕೆ ಸೇರಿದ್ದು. ವಿಮರ್ಶೆಯ ದೃಷ್ಟಿಗೆ ಬೀಳುವ ಮಾತು ಬೇರೆ. ಚಿತ್ರವನ್ನು ಹಾಕಿದವನು ಒಂದು ವಿಚಾರವನ್ನು ಹೇಳಿರಲಿಲ್ಲ. ಕಲ್ಲೆಸೆದವರೂ ಒಂದು ವಿಚಾರಕ್ಕೆ ಉತ್ತರ ಕೊಡಲಿಲ್ಲ. ಆಕಡೆಯಿಂದ ಕೃತಕ ಚಿತ್ರ, ಈಕಡೆಯಿಂದ ಕಲ್ಲು. ನಡುವೆ ಮಾತೇ ಇಲ್ಲ. ಬೈಗುಳವಾದರೂ ಇದ್ದಿದ್ದರೆ ಅದಕ್ಕೊಂದು ಮರುಬೈಗುಳವು ಬಂದು ಅಷ್ಟಕ್ಕೆ ಮುಗಿಯುತ್ತಿತ್ತೇನೋ. ಮರುನುಡಿಯಲ್ಲಿ ನುಡಿಯು ಹೋಗಿ ಮರುಹೊಡೆತವು ಉಳಿಯುವದೆಂದರೆ ಹೀಗೆ.

ಹಾಗಾದರೆ ಇದಕ್ಕೆ ಉಪಾಯವೇನು? ಬೀಗ ಹಾಕುವದು ಉಪಾಯವಲ್ಲವೆಂಬದಕ್ಕೆ ನೈಜೀರಿಯಾದ ಏಳು ತಿಂಗಳುಗಳೇ ಸಾಕ್ಷಿ. ಬೀಗ ಹಾಕಿದಾಗ ಸುಳ್ಳಿನೊಡನೆ ನಳದ ನೀರಿನ ತಕರಾರೂ ಒಳಗೇ ಉಳಿಯುವದು. ಸುಳ್ಳು ದೂಷಣೆಗೂ ಹಿಂಸೆಗೆ ಪ್ರಚೋದಿಸುವದಕ್ಕೂ ಕಾಯಿದೆಗಳುಂಟು. ಅವು ತಮ್ಮ ಕೆಲಸವನ್ನು ಮಾಡಲಿ. ಸಾಹಿತ್ಯಸಂಘಗಳೂ ಶಾಲೆಗಳೂ ಮಾಡತಕ್ಕ ಕೆಲಸವು ಬೇರೆಯಾಗಿದೆ. ಜನರಿಗೆ ಶುದ್ಧಗನ್ನಡವನ್ನು ಬೋಧಿಸಿ ಮೌನಗೊಳಿಸುವ ಬದಲು, ಅವರವರ ಕನ್ನಡದಲ್ಲಿಯೇ ಅವರವರ ಕಣ್ಣಿಗೆ ಕಂಡದ್ದನ್ನು ಬರೆಯುವಂತೆ ಉತ್ತೇಜಿಸಬೇಕು. ಬರೆದುದನ್ನು ಎದುರಿಗೆ ಕುಳಿತವನ ಮುಂದೆ ಓದಬಹುದೇ ಎಂಬ ಒಂದು ಪರೀಕ್ಷೆಯನ್ನು ಕಲಿಸಿದರೆ ಸಾಕು. ಕಟ್ಟೆಯ ಮೇಲೆ ಕುಳಿತು ರಾಜಕಾರಣವನ್ನು ಆಡಿಕೊಳ್ಳುವ ನಾಲ್ವರಲ್ಲಿ ಬೇರೆ ಬೇರೆ ಪಕ್ಷದವರೂ ಜಾತಿಯವರೂ ಇರುವರು. ಆದುದರಿಂದ ಅಲ್ಲಿಯ ಮಾತು ಎಷ್ಟು ಹರಿತವಾದರೂ ಮರುದಿನ ಮತ್ತೆ ಕೂಡಿ ಕುಳಿತುಕೊಳ್ಳಲು ಜಾಗವನ್ನು ಉಳಿಸಿಕೊಂಡೇ ಇರುವದು. ಮೊಬೈಲಿನ ಮರುನುಡಿಯಲ್ಲಿ ಆ ಎದುರಿನ ಮೋರೆಯು ಕಾಣುವದಿಲ್ಲ. ಬರೆಯುವವನು ಅದನ್ನು ಕಲ್ಪಿಸಿಕೊಳ್ಳಬೇಕು. ಕಲ್ಪನೆಯು ಕವಿಗಳ ಸೊತ್ತಷ್ಟೇ ಅಲ್ಲ. ಈ ಕಾಲದಲ್ಲಿ ಅದು ನಾಗರಿಕನ ಕರ್ತವ್ಯವೂ ಆಗಿದೆ.

ಸಿದ್ಧಾಂತವಿಷ್ಟೇ. ಸಾಮಾನ್ಯರ ಮರುನುಡಿಯು ವಾಙ್ಮಯದ ಒಂದು ಪ್ರಕಾರವೇ ಅಹುದು. ಅದಕ್ಕೆ ತನ್ನ ಅಲಂಕಾರಗಳುಂಟು, ಪರಂಪರೆಯುಂಟು. ಅದರ ಯೋಗ್ಯತೆಯನ್ನು ಭಾಷೆಯ ನಯದಿಂದ ಅಳೆಯತಕ್ಕದ್ದಲ್ಲ. ಬರೆದವನು ಆ ಮಾತಿಗೆ ತಾನು ಹೊಣೆಯಾಗಿರುವನೋ ಇಲ್ಲವೋ ಎಂಬದರಿಂದ ಅಳೆಯತಕ್ಕದ್ದು. ಹೊಣೆಯುಳ್ಳ ಒರಟು ಮಾತಿಗೆ ಸಂಘಗಳ ಮಣೆಯ ಮೇಲೆ ಜಾಗವಿರಲಿ. ಹೊಣೆಯಿಲ್ಲದ ನಯದ ಮಾತು ಎಷ್ಟು ಜನರ ಕೈದಾಟಿ ಬಂದಿದ್ದರೂ ಅದು ನಿಲ್ಲತಕ್ಕ ಸ್ಥಳ ಓದಿದವನ ಕೈಯೇ. ಅಲ್ಲಿಂದ ಮುಂದಕ್ಕೆ ಅದಕ್ಕೆ ದಾರಿ ಕೊಡಬೇಕಾದ ಕಾರಣವಿಲ್ಲ.